ಇಲ್ಲದ ಗೋಡೆ, ಇರುವ ಹೊಂಡ

ನೆಲಮಾಳಿಗೆಗೆ ಇಳಿಯುವ ಮೆಟ್ಟಿಲ ತಲೆಯಲ್ಲಿ ಬೂಟುಗಳನ್ನು ಬಿಚ್ಚಿಟ್ಟಿದ್ದಾರೆ. ಮೆತ್ತಿಕೊಂಡಿದ್ದ ಹಿಮ ಕರಗಿ ರಬ್ಬರ್ ಚಾಪೆಯ ಮೇಲೆ ನೀರು ನಿಂತಿದೆ. ನೀವೂ ಅಲ್ಲೇ ಬಿಚ್ಚಿ, ಕಾಲುಚೀಲದಲ್ಲೇ ಇಳಿದು ಬನ್ನಿ. ಕೊನೆಯ ಮೆಟ್ಟಿಲು ಸ್ವಲ್ಪ ಎತ್ತರ, ಜೋಪಾನ. ಕೆಳಗೆ ಬೆಚ್ಚಗಿದೆ. ಮೂಲೆಯಲ್ಲಿ ಮನೆಯನ್ನೆಲ್ಲ ಕಾಯಿಸುವ ಫರ್ನೇಸು ಗುಂಯ್‌ಗುಡುತ್ತಾ ಆಗಾಗ ಢಬ್ ಎಂದು ಹೊತ್ತಿಕೊಳ್ಳುತ್ತದೆ. ಆ ಕಡೆ ವಾಷಿಂಗ್ ಮೆಷಿನ್ನಿನಿಂದ ಸೋಪಿನ ಘಮ, ಈ ಕಡೆ ರಟ್ಟಿನ ಪೆಟ್ಟಿಗೆಯಲ್ಲಿ ಆರುತ್ತಿರುವ ಪಿಜ್ಜಾದ ಘಮ, ಎರಡರ ನಡುವೆ ಹಳೇ ಪುಸ್ತಕಗಳ ಮುಗ್ಗಲು ವಾಸನೆ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ದಕ್ಷಿಣ ಅಂಚು, ಫೆಬ್ರವರಿಯ ಒಂದು ಶನಿವಾರ. ಐದೂವರೆಗೆಲ್ಲ ಕತ್ತಲಾಗಿದೆ. ಹಿಮ ತಳ್ಳುವ ಲಾರಿಯೊಂದು ರಸ್ತೆಯನ್ನು ಕೆರೆಯುತ್ತಾ ಹೋದ ಸದ್ದು ಗೋಡೆಯ ಮೇಲಂಚಿನ ಪುಟ್ಟ ಕಿಟಕಿಯಿಂದ ಇಳಿದು ಬರುತ್ತದೆ.

ಗೋಡೆಗೊತ್ತಿದ ಹಳೇ ಸೋಫಾದಲ್ಲಿ ನಮಗೆ ಜಾಗ ಮಾಡಿಕೊಟ್ಟಿದ್ದಾರೆ. ಇಲ್ಲಿಂದ ಎಲ್ಲರ ಮುಖವೂ ಕೈಯೂ ಕಾಣುತ್ತವೆ. ಮೇಜಿನ ತುದಿಯಲ್ಲಿ, ನಾಲ್ಕು ಮಡಿಕೆಯ ರಟ್ಟಿನ ಮರೆಯ ಹಿಂದೆ, ನಿವೃತ್ತ ಪೋಸ್ಟ್‌ಮ್ಯಾನ್ ಒಬ್ಬರು ಕೂತಿದ್ದಾರೆ. ಎಪ್ಪತ್ತು ದಾಟಿದ ವಯಸ್ಸು, ದಾರ ಕಟ್ಟಿ ಕೊರಳಿಗೆ ಇಳಿಬಿಟ್ಟ ಕನ್ನಡಕ, ಮೊಣಕೈ ಸವೆದ ಸ್ವೆಟರು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಆಟಕ್ಕೆ ಇವರೇ ಇವತ್ತಿನ ಡಿಎಂ, ಅಂದರೆ ಡಂಜನ್ ಮಾಸ್ಟರ್. ಲೋಕವನ್ನು ಬಾಯಲ್ಲಿ ಕಟ್ಟುವುದು, ಅದರೊಳಗಿನ ರಾಕ್ಷಸರ ಪರವಾಗಿ ಆಡುವುದು, ತಕರಾರು ಬಂದರೆ ತೀರ್ಪು ಕೊಡುವುದು, ಮೂರೂ ಅವರ ಕೆಲಸ. ಮರೆಯ ಈಚೆ ನಾಲ್ವರು. ಪ್ರೈಮರಿ ಶಾಲೆಯ ಟೀಚರ್ ಒಬ್ಬಾಕೆ, ಈ ಹೊತ್ತಿಗೆ ಮೂರಡಿ ಎತ್ತರದ ಮಾಯಗಾರ್ತಿ. ರಾತ್ರಿ ಪಾಳಿ ಮುಗಿಸಿ ಮಧ್ಯಾಹ್ನವಿಡೀ ಮಲಗೆದ್ದು ಬಂದ ನರ್ಸಮ್ಮ, ಕತ್ತಿ ಗುರಾಣಿಯ ಯೋಧೆ. ಬಡಗಿ ಕೆಲಸದವರು ದೇವರ ಪೂಜಾರಿ. ಟೋಪಿಯನ್ನು ತಲೆಯಿಂದ ತೆಗೆಯದ ಕಾಲೇಜು ಹುಡುಗ ಕಳ್ಳ. ಮೇಜಿನ ಮೇಲೆ ಹಾಸಿದ ವಿನೈಲ್ ಹಾಳೆಯಲ್ಲಿ ಅಂಗುಲ ಅಂಗುಲದ ಚೌಕಗಳಿದ್ದು, ಡಿಎಂ ಸ್ಕೆಚ್ ಪೆನ್ನಿನಲ್ಲಿ ಗಣಿಯ ಸುರಂಗವೊಂದನ್ನು ಬರೆಯುತ್ತಾ ಹೋಗುತ್ತಾರೆ. ತಪ್ಪಿದ ಗೆರೆಯನ್ನು ಎಂಜಲು ಬೆರಳಿನಲ್ಲಿ ಒರೆಸುತ್ತಾರೆ.

ದಾಳಗಳ ಸದ್ದು ಕೇಳಿ. ಆರು ಮುಖದ ನಮ್ಮ ಲೂಡೋ ದಾಳ ಅಲ್ಲಿಲ್ಲಿ ಇದೆ. ಆದರೆ ರಾಜ್ಯಭಾರವೆಲ್ಲ ಇಪ್ಪತ್ತು ಮುಖದ ಒಂದು ಗುಂಡನೆಯ ದಾಳದ್ದು. ಅದು ಮರದ ತಟ್ಟೆಯೊಳಗೆ ಬಿದ್ದರೆ ಬೇಗ ನಿಲ್ಲುವುದಿಲ್ಲ. ಹೊರಳಿ, ಅಂಚಿಗೆ ತಾಗಿ, ಇನ್ನೇನು ಹದಿನೆಂಟು ಎನ್ನುವಾಗ ಮಗ್ಗುಲು ಬದಲಿಸಿ ನಾಲ್ಕಕ್ಕೆ ಬಂದು ಕೂರುತ್ತದೆ. ಡಿಎಂ ಬಳಿ ಇರುವುದು ಹಳೇ ಕಾಲದ ಮೆತ್ತನೆಯ ಪ್ಲಾಸ್ಟಿಕ್ಕಿನದು, ಮೂಲೆಗಳೆಲ್ಲ ಸವೆದುಹೋಗಿವೆ. ಆ ಕಾಲದ ಇಪ್ಪತ್ತು ಮುಖದ ದಾಳಗಳಲ್ಲಿ ಸೊನ್ನೆಯಿಂದ ಒಂಬತ್ತರವರೆಗಿನ ಅಂಕಿಗಳನ್ನೇ ಎರಡು ಸಲ ಕೊರೆದಿರುತ್ತಿದ್ದರು. ಒಂದು ಸಾಲಿಗೆ ಒಂದು ಬಣ್ಣದ ಕ್ರೇಯಾನ್ ಉಜ್ಜಿ, ಇನ್ನೊಂದಕ್ಕೆ ಇನ್ನೊಂದು ಬಣ್ಣ ತುಂಬಿ, ಈ ಬಣ್ಣ ಬಿದ್ದರೆ ಹತ್ತು ಕೂಡಿಸಿಕೊಳ್ಳುವುದು ಎಂದು ಆಡುವವರೇ ಗೊತ್ತುಮಾಡಿಕೊಳ್ಳಬೇಕಿತ್ತು. ಕೆಂಪು ಕ್ರೇಯಾನಿನ ಮೇಣ ಇನ್ನೂ ಆ ಗೀರುಗಳಲ್ಲಿ ಉಳಿದಿದೆ.

ಆಟ ಶುರುವಾಗಿ ತುಸು ಹೊತ್ತಾಗಿದೆ. ನಾಲ್ವರೂ ಕದ್ದ ಪೆಟ್ಟಿಗೆಯೊಂದನ್ನು ಹೊತ್ತು ಸುರಂಗದಲ್ಲಿ ಓಡುತ್ತಿದ್ದಾರೆ, ಹಿಂದಿನಿಂದ ಪಂಜುಗಳ ಬೆಳಕು, ಕೂಗಾಟ. ಡಿಎಂ ದನಿ ಎತ್ತುವುದಿಲ್ಲ. ಕಲ್ಲಿನ ಮೇಲೆ ಬೂಟುಗಾಲು, ಕೊಳೆತ ಮರದ ಆಸರೆ, ತೊಟ್ಟಿಕ್ಕುವ ನೀರು, ಎಲ್ಲವನ್ನೂ ಪತ್ರದ ವಿಳಾಸ ಓದಿ ಹೇಳುತ್ತಿದ್ದ ಅದೇ ಸಮದನಿಯಲ್ಲಿ ಹೇಳುತ್ತಾರೆ. ಆರು ಗಾಬ್ಲಿನ್‌ಗಳು, ಅವುಗಳ ಹಿಂದೆ ಒಂದು ಓಗರ್. ಗಾಬ್ಲಿನ್ ಎಂದರೆ ಚುರುಕು ಕಿಡಿಗೇಡಿ ಕುಳ್ಳ, ಓಗರ್ ಎಂದರೆ ಒಂಬತ್ತು ಹತ್ತಡಿಯ ಮಂದಬುದ್ಧಿಯ ರಾಕ್ಷಸ. ಟೀಚರ್ ತಮ್ಮ ಪೆನ್ಸಿಲ್ ಡಬ್ಬಿಯಿಂದ ಒಂದು ಚಿಟಿಕೆ ಕುರಿಯುಣ್ಣೆ ತೆಗೆದು ಮೇಜಿನ ಮೇಲಿಡುತ್ತಾರೆ. ಕಣ್ಕಟ್ಟಿನ ಹಲವು ಮಂತ್ರಗಳಿಗೆ ನಿಯಮದ ಪುಸ್ತಕ ಕೇಳುವ ಸಾಮಗ್ರಿ ಇಷ್ಟೇ, ಒಂದಿಷ್ಟು ಉಣ್ಣೆ. ನಿಜವಾದ ಉಣ್ಣೆ ತರಬೇಕೆಂದು ಯಾರೂ ಒತ್ತಾಯಿಸಿಲ್ಲ, ಆಕೆ ತರುತ್ತಾರೆ, ಅಷ್ಟೆ.

‘ಸುರಂಗ ಕುಸಿದು ಬಾಯಿ ಮುಚ್ಚಿಕೊಂಡಿದೆ’ ಎನ್ನುತ್ತಾರೆ. ‘ಬಂಡೆ, ಮಣ್ಣು, ಮುರಿದ ತೊಲೆ. ಈಗ ಬಿದ್ದಿದ್ದಲ್ಲ. ಬಹಳ ದಿನದ ಹಿಂದೆಯೇ ಬಿದ್ದದ್ದು, ಮೇಲೆ ಪಾಚಿ ಹಿಡಿದಿದೆ.’

ಮರೆಯ ಹಿಂದೆ ಡಿಎಂ ತುಟಿಯಂಚಿನಲ್ಲಿ ನಕ್ಕಿದ್ದು ಸೋಫಾದಿಂದ ನಮಗೆ ಮಾತ್ರ ಕಾಣಿಸಿತು. ಆ ಪಾಚಿಯಲ್ಲಿದೆ ಜಾಣತನ. ಮಂತ್ರದ ಹೆಸರು ಸೈಲೆಂಟ್ ಇಮೇಜ್. ಹೆಸರೇ ಹೇಳುವಂತೆ ಅದಕ್ಕೆ ಸದ್ದಿಲ್ಲ, ವಾಸನೆಯಿಲ್ಲ, ಮುಟ್ಟಿದರೆ ಹತ್ತುವುದಿಲ್ಲ, ಬರೀ ನೋಟ. ಬಂಡೆ ಈಗ ಕುಸಿಯಿತು ಎಂದಿದ್ದರೆ ಸದ್ದೆಲ್ಲಿ, ಧೂಳೆಲ್ಲಿ ಎಂಬ ಪ್ರಶ್ನೆ ಬರುತ್ತಿತ್ತು. ಹಳೆಯ ಕುಸಿತಕ್ಕೆ ಸದ್ದು ಬೇಕಿಲ್ಲ. ಅಗಲ ಎತ್ತರ ಆಳ ಹದಿನೈದು ಅಡಿ ಮೀರದ ಏನನ್ನು ಬೇಕಾದರೂ ಅರವತ್ತು ಅಡಿ ದೂರದೊಳಗೆ ಕಾಣಿಸಬಹುದು, ಮನಸ್ಸು ಅದರ ಮೇಲೇ ನೆಟ್ಟಿದ್ದರೆ ಹತ್ತು ನಿಮಿಷ ಉಳಿಸಿಕೊಳ್ಳಬಹುದು. ಸುರಂಗದ ಅಗಲ ಹತ್ತಡಿ; ಸಾಕಾದಷ್ಟಾಯಿತು.

ಬೆಂಕಿಯುಂಡೆ ಎಸೆಯುವ ಮಂತ್ರವಾದಿಗೆ ಇಷ್ಟು ಯೋಚನೆ ಬೇಡ. ಉಂಡೆ ಎಷ್ಟು ಅಗಲ ಸಿಡಿಯುತ್ತದೆ, ಎಷ್ಟು ದಾಳ ಉರುಳಿಸಬೇಕು, ಎಲ್ಲ ಬರೆದಿಟ್ಟಿದೆ. ಕಣ್ಕಟ್ಟು ಮಾತ್ರ ಆಡುವವರ ಮಾತಿನಷ್ಟೇ ಗಟ್ಟಿ. ಎದುರಾಳಿಗೆ ಏನು ಗೊತ್ತಿದೆ, ಯಾವುದಕ್ಕೆ ಹೆದರುತ್ತಾನೆ, ಏನನ್ನು ನೋಡಿ ಬೇಜಾರಾಗಿ ವಾಪಸು ಹೋಗುತ್ತಾನೆ ಎಂದು ಲೆಕ್ಕ ಹಾಕಿ ಸುಳ್ಳು ಕಟ್ಟಬೇಕು. ಮೂವತ್ತು ಮಕ್ಕಳ ತರಗತಿಯಲ್ಲಿ ದಿನಾ ಸುಳ್ಳು ಕೇಳಿಸಿಕೊಳ್ಳುವ ಟೀಚರಿಗೆ ಈ ವಿದ್ಯೆ ಒಲಿದದ್ದರಲ್ಲಿ ನನಗೇನೂ ಆಶ್ಚರ್ಯವಿಲ್ಲ.

ಈಗ ಗಾಬ್ಲಿನ್‌ಗಳ ಸರದಿ. ಓಡಿಬಂದವು, ಕಲ್ಲಿನ ರಾಶಿ ಕಂಡು ನಿಂತವು. ಇಲ್ಲೊಂದು ಸಣ್ಣ ವಾದ ಎದ್ದಿತು. ಎಬ್ಬಿಸಿದವರು ನರ್ಸಮ್ಮ, ಅದೂ ತಮ್ಮ ಪಕ್ಷಕ್ಕೇ ವಿರುದ್ಧವಾಗಿ. ಈ ಗಣಿಯಲ್ಲೇ ವಾಸವಿರುವ ಗಾಬ್ಲಿನ್‌ಗಳಿಗೆ ಇಲ್ಲಿ ಕುಸಿತ ಇರಲಿಲ್ಲ ಅಂತ ತಿಳಿದಿರುವುದಿಲ್ಲವೇ? ಡಿಎಂ ಕನ್ನಡಕ ಏರಿಸಿ ಒಂದು ಗುಟುಕು ಕಾಫಿ ಕುಡಿದರು. ತಿಳಿದಿರುತ್ತದೆ, ಅದಕ್ಕೇ ಸಂಶಯ ಪಟ್ಟು ಒಂದು ಗಾಬ್ಲಿನ್ ತನ್ನ ಆ ಸರದಿಯನ್ನು ಗೋಡೆಯನ್ನು ಪರೀಕ್ಷಿಸುವುದಕ್ಕೇ ಖರ್ಚು ಮಾಡುತ್ತದೆ ಎಂದು ತೀರ್ಪಾಯಿತು. 2014ರಲ್ಲಿ ಬಂದ ಐದನೇ ಆವೃತ್ತಿಯ ನಿಯಮ ಇದು. ಈ ಮಂತ್ರಕ್ಕೆ ತಾನಾಗಿ ಸಿಗುವ ಸೇವಿಂಗ್ ಥ್ರೋ, ಅಂದರೆ ತಪ್ಪಿಸಿಕೊಳ್ಳಲು ಉರುಳಿಸುವ ದಾಳ, ಇಲ್ಲ. ಅನುಮಾನ ಬಂದವನು ನಿಂತು ನೋಡಬೇಕು. ಒಂದು ಸರದಿ ಎಂದರೆ ಆಟದ ಲೋಕದಲ್ಲಿ ಆರು ಸೆಕೆಂಡು, ಆ ಆರು ಸೆಕೆಂಡಿನಲ್ಲಿ ಅವನು ಬಾಣ ಬಿಡುವಂತಿಲ್ಲ, ಕತ್ತಿ ಬೀಸುವಂತಿಲ್ಲ.

ಅವನು ಮುಟ್ಟಬೇಕಾದ ಸಂಖ್ಯೆಯನ್ನು ಹುಡುಗ ಬೆರಳೆಣಿಸಿ ಹೇಳಿದ. ಎಲ್ಲರಿಗೂ ಸಮಾನವಾದ ಎಂಟು, ಮೂರನೇ ಮಟ್ಟದ ಮಾಯಗಾರ್ತಿಯ ಪಳಗುವಿಕೆಗೆ ಎರಡು, ಆಕೆಯ ಬುದ್ಧಿಗೆ ಮೂರು, ಒಟ್ಟು 13. ಗಾಬ್ಲಿನ್‌ನ ಬುದ್ಧಿ ಸಾಧಾರಣ, ಕೂಡಿಸುವುದೂ ಇಲ್ಲ ಕಳೆಯುವುದೂ ಇಲ್ಲ. ಇಪ್ಪತ್ತು ಮುಖಗಳಲ್ಲಿ ಎಂಟು ಮುಖ ಅದರ ಪರ, ಅಂದರೆ ನೂರಕ್ಕೆ 40. ಮರೆಯ ಹಿಂದೆ ಸವೆದ ದಾಳ ಉರುಳಿತು. ಒಂಬತ್ತು. ಗಾಬ್ಲಿನ್ ಪಾಚಿಯನ್ನು ಕಣ್ಣರಳಿಸಿ ನೋಡಿ, ತನ್ನ ನೆನಪನ್ನೇ ಬೈದುಕೊಂಡಿತು.

ಅಷ್ಟರಲ್ಲಿ ಹಿಂದಿನಿಂದ ಓಗರ್ ಬಂತು. ಅದರ ಬುದ್ಧಿಗೆ ಮೂರು ಕಳೆಯಬೇಕು, ನೋಡಿ ಕಂಡುಹಿಡಿಯಲು ಹದಿನಾರೋ ಮೇಲೋ ಬೀಳಬೇಕು. ಆದರೆ ಅದು ನೋಡುವ ಜಾತಿಯದ್ದಲ್ಲ. ಅಡ್ಡ ಬಂದದ್ದಕ್ಕೆ ದೊಣ್ಣೆಯಲ್ಲಿ ಬಾರಿಸಿತು. ದೊಣ್ಣೆ ಬಂಡೆಯೊಳಗಿಂದ ಗಾಳಿಯಲ್ಲಿ ಹಾಯಿತು. ಮುಟ್ಟಿದರೆ ಮಾಯೆ ಬಯಲು, ದಾಳ ಬೇಕಿಲ್ಲ. ಬಯಲಾದ ಮೇಲೆ ಆ ಬಂಡೆಗಳು ಅದಕ್ಕೆ ಪಾರದರ್ಶಕ. ಜಾಣ ನಿಂತು ನೋಡಿ ಮೋಸ ಹೋದ, ದಡ್ಡ ಗುದ್ದಿ ಗೆದ್ದ. ಬಡಗಿ ಹೊಟ್ಟೆ ಹಿಡಿದು ನಕ್ಕರು. ಟೀಚರ್ ಉಣ್ಣೆಯನ್ನು ಬೆರಳಲ್ಲಿ ಹೊಸೆಯುತ್ತಾ ಮುಂದಿನದನ್ನು ಯೋಚಿಸುತ್ತಿದ್ದಾರೆ.

ಯೋಚಿಸಲಿ. ಅಷ್ಟರಲ್ಲಿ ಡಿಎಂ ಹಿಂದಿನ ಕಪಾಟನ್ನು ಒಂದಿಷ್ಟು ನೋಡಿಬಿಡೋಣ. ಇಲ್ಲಿಂದ ಕಾರಿನಲ್ಲಿ ಒಂದು ಗಂಟೆಯೊಳಗಿನ ದಾರಿಯಲ್ಲಿ ಲೇಕ್ ಜಿನೀವಾ ಎಂಬ ಊರಿದೆ. ಬೇಸಗೆಯಲ್ಲಿ ಷಿಕಾಗೋದವರು ದೋಣಿ ನಡೆಸಲು ಬರುವ, ಚಳಿಗಾಲದಲ್ಲಿ ಸರೋವರ ಹೆಪ್ಪುಗಟ್ಟಿ ಅದರ ಮೇಲೆ ಜನ ಮೀನು ಹಿಡಿಯಲು ಕೂರುವ ಊರು. ಅಲ್ಲಿ ಗ್ಯಾರಿ ಗೈಗ್ಯಾಕ್ಸ್ ಎಂಬಾತ ಇದ್ದ. ವಿಮಾ ಕಂಪನಿಯಲ್ಲಿ ಅಪಾಯವನ್ನು ಅಳೆಯುವ ಕೆಲಸ ಮಾಡುತ್ತಿದ್ದ, ಅದು ಕೈತಪ್ಪಿದ ಮೇಲೆ ಚಪ್ಪಲಿ ಶೂ ರಿಪೇರಿ ಮಾಡಿದ. ಸೈನ್ಯದ ಬೊಂಬೆಗಳನ್ನಿಟ್ಟು ಆಡುವ ಯುದ್ಧದಾಟದ ಹುಚ್ಚು ಮೊದಲಿಂದ ಇತ್ತು. ಪಕ್ಕದ ಮಿನೆಸೋಟ ರಾಜ್ಯದ ಡೇವ್ ಆರ್ನೆಸನ್ ಜೊತೆ ಸೇರಿ 1974ರಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಹೊರತಂದ. ಮರದ ಬಣ್ಣದ ಒಂದು ಪೆಟ್ಟಿಗೆ, ಒಳಗೆ ಮೂರು ತೆಳು ಪುಸ್ತಿಕೆ, ಬೆಲೆ 10 ಡಾಲರ್. ಮೊದಲ ಮುದ್ರಣ 1000 ಪ್ರತಿ. ಪೆಟ್ಟಿಗೆಗಳನ್ನು ಮನೆಯಲ್ಲೇ ಕೂತು ತುಂಬಿದರು.

ಆ ಮೊದಲ ಪುಸ್ತಿಕೆಗಳಲ್ಲೇ ಕಣ್ಕಟ್ಟಿನ ಮಂತ್ರವಿತ್ತು, ಫ್ಯಾಂಟಾಸ್ಮಲ್ ಫೋರ್ಸಸ್. ನಾಲ್ಕಾರು ಸಾಲಿನ ವಿವರಣೆ, ಅಷ್ಟೇ. ಮಂತ್ರವಾದಿ ಏನನ್ನು ಕಲ್ಪಿಸಿಕೊಂಡರೆ ಅದು ಕಾಣುತ್ತದೆ, ಮನಸ್ಸು ನೆಟ್ಟಿರುವವರೆಗೂ ಇರುತ್ತದೆ, ಜೀವವಿರುವುದು ಯಾವುದಾದರೂ ಮುಟ್ಟಿದರೆ ಹೋಗುತ್ತದೆ, ಮತ್ತು ನೋಡಿದವನು ನಿಜವೆಂದು ನಂಬಿದರೆ ಪೆಟ್ಟೂ ನಿಜ. ನಂಬಿದನೋ ಇಲ್ಲವೋ ಅಂತ ನಿರ್ಧರಿಸುವವರು ಯಾರು? ಪುಸ್ತಿಕೆ ಬಾಯಿ ಬಿಡುವುದಿಲ್ಲ. ಹಾಗಾಗಿ ಎರಡು ಬೆಕ್ಕನ್ನು ಎದುರಿಸಲಾಗದ ಎಳೆಯ ಮಂತ್ರವಾದಿಯೂ ಡ್ರ್ಯಾಗನ್ ಎಬ್ಬಿಸಿ ಬೆಂಕಿ ಉಗುಳಿಸಬಹುದಾಗಿತ್ತು. ಡಿಎಂ ಒಪ್ಪಿದರೆ ಸೈನ್ಯ ಸುಟ್ಟುಹೋಗುತ್ತಿತ್ತು, ಒಪ್ಪದಿದ್ದರೆ ರಾತ್ರಿಯಿಡೀ ಜಗಳ. ಈ ಮೇಜಿನ ಹಿರಿಯರು ಆ ಜಗಳಗಳನ್ನು ಕಂಡವರು. ಆಗಿನ ಸ್ನೇಹಿತನೊಬ್ಬ ಕಣ್ಕಟ್ಟಿನ ಸಮುದ್ರದಲ್ಲಿ ನಿಜವಾಗಿ ಮುಳುಗಬಹುದೇ ಎಂಬ ವಾದಕ್ಕೆ ಬಿದ್ದು ಊಟ ಬಿಟ್ಟೆದ್ದು ಹೋದದ್ದನ್ನು ಈಗಲೂ ನಗುತ್ತಾ ಹೇಳುತ್ತಾರೆ.

ಈ ಜಗಳಕ್ಕೆ ಲಗಾಮು ಹಾಕಲು ಬಂದದ್ದೇ ಸೇವಿಂಗ್ ಥ್ರೋ. ಅದು ಕಣ್ಕಟ್ಟಿಗಾಗಿ ಹುಟ್ಟಿದ್ದೇನಲ್ಲ. ಬೊಂಬೆ ಸೈನ್ಯದ ಆಟಗಳಲ್ಲಿ ಪೆಟ್ಟು ಬಿದ್ದ ಬೊಂಬೆಗೆ ಉಳಿದುಕೊಳ್ಳಲು ಕೊನೆಯದಾಗಿ ಒಂದು ದಾಳ ಕೊಡುವ ಪದ್ಧತಿ ಮುಂಚಿನಿಂದಲೂ ಇತ್ತು. ಗೈಗ್ಯಾಕ್ಸ್ ಅದನ್ನು ಕೋಷ್ಟಕ ಮಾಡಿ ಬೆಳೆಸಿದ. ವಿಷಕ್ಕೆ ಒಂದು ಸಂಖ್ಯೆ, ಕಲ್ಲಾಗಿಸುವ ನೋಟಕ್ಕೆ ಒಂದು, ಮಂತ್ರದಂಡಕ್ಕೆ ಒಂದು, ಡ್ರ್ಯಾಗನ್ನಿನ ಉಸಿರಿಗೆ ಒಂದು, ಉಳಿದ ಮಂತ್ರಗಳಿಗೆ ಒಂದು. ಹೀಗೆ ಐದು ಕಂಬಸಾಲು. ಡಿಎಂ ಕಪಾಟಿನಿಂದ ತೆಗೆದು ನಮ್ಮ ಕೈಗಿತ್ತ 1979ರ ದಪ್ಪ ಪುಸ್ತಕದಲ್ಲಿ ಆ ಪುಟ ತಾನಾಗಿ ತೆರೆದುಕೊಳ್ಳುತ್ತದೆ, ಅಂಚೆಲ್ಲ ಬೆರಳೆಣ್ಣೆಗೆ ಕಂದಿದೆ. ಹೊಸಬ ಮಂತ್ರವಾದಿಗೆ ಮಂತ್ರದಿಂದ ತಪ್ಪಿಸಿಕೊಳ್ಳಲು 12 ಬಿದ್ದರೆ ಸಾಕು, ಹೊಸಬ ಯೋಧನಿಗೆ 17 ಬೇಕು. ಮಂತ್ರದ ಒಳಮರ್ಮ ತಿಳಿದವನಿಗೂ ಕತ್ತಿ ಮಾತ್ರ ತಿಳಿದವನಿಗೂ ಇರುವ ಅಂತರ ಆ ಐದು ಅಂಕಿಗಳಲ್ಲಿ ಕೂತಿದೆ.

ಅದೇ ಪುಸ್ತಕದಲ್ಲಿ ಗೈಗ್ಯಾಕ್ಸ್ ಒಂದು ಚಿತ್ರ ಕೊಡುತ್ತಾನೆ. ಬಂಡೆಗೆ ಸರಪಳಿಯಿಂದ ಬಿಗಿದ ಒಬ್ಬ ಮನುಷ್ಯ, ಎದುರಿಗೆ ಬೆಂಕಿಯುಗುಳುವ ಡ್ರ್ಯಾಗನ್. ಅವನಿಗೂ ದಾಳ ಕೊಡಬೇಕೇ? ಕೊಡಲೇಬೇಕು ಅನ್ನುವುದು ಗೈಗ್ಯಾಕ್ಸನ ಪಟ್ಟು. ದಾಳ ಗೆದ್ದಿತೋ, ಹೇಗೆ ಉಳಿದ ಎಂಬ ಕಥೆಯನ್ನು ಆಮೇಲೆ ಹುಡುಕಿಕೊಳ್ಳಿ. ಬಂಡೆಯ ಬಿರುಕೊಂದು ಸಿಕ್ಕಿರಬಹುದು, ಜ್ವಾಲೆಯ ಅಡಿಗೆ ಕುಸಿದಿರಬಹುದು, ಸರಪಳಿಯಿಂದ ಹೇಗೋ ಬಿಡಿಸಿಕೊಂಡಿರಬಹುದು. ಮೊದಲು ಅಂಕಿ, ಆಮೇಲೆ ಕಾರಣ. ವಿಮೆಯ ಲೆಕ್ಕ ಹಾಕಿದ ಮನುಷ್ಯ ಯಾರ ಪಾಲಿಗೂ ಸೊನ್ನೆ ಬರೆಯಲು ಒಪ್ಪಲಿಲ್ಲ ಎನ್ನುವುದು ನನಗೆ ಇಷ್ಟವಾದ ಸಂಗತಿ.

ಕಣ್ಕಟ್ಟಿನವರಿಗೇ ಮೀಸಲಾದ ಒಂದು ಕುಲ ಬೇಕೆಂದು 1975ರ ಚಳಿಗಾಲದಲ್ಲಿ ಪೀಟರ್ ಆರನ್ಸನ್ ಎಂಬಾತ ಸ್ಟ್ರಾಟೀಜಿಕ್ ರಿವ್ಯೂ ಪತ್ರಿಕೆಯಲ್ಲಿ ಬರೆದ. 1978ರ ಪ್ಲೇಯರ್ಸ್ ಹ್ಯಾಂಡ್‌ಬುಕ್‌ನಲ್ಲಿ ಅದು ಅಧಿಕೃತವಾಗಿ ಸೇರಿತು. ಇಲ್ಯೂಷನಿಸ್ಟ್ ಆಗಬೇಕಾದರೆ ಬುದ್ಧಿ ಕನಿಷ್ಠ 15, ಕೈಚಳಕ ಕನಿಷ್ಠ 16 ಇರಬೇಕಿತ್ತು. ಬುದ್ಧಿಗಿಂತ ಕೈಚಳಕ ಒಂದು ಹೆಚ್ಚೇ ಬೇಕು ಎಂದದ್ದನ್ನು ಗಮನಿಸಿ. ನಮ್ಮ ಜಾತ್ರೆಯ ಗಾರುಡಿಗರು ಕೇಳಿದ್ದರೆ ತಲೆದೂಗುತ್ತಿದ್ದರು. ಈ ಕುಲದವರ ನಾಲ್ಕನೇ ಮಟ್ಟದ ಮಂತ್ರವೊಂದಿತ್ತು, ಫ್ಯಾಂಟಾಸ್ಮಲ್ ಕಿಲ್ಲರ್. ಎದುರಾಳಿಯ ಮನಸ್ಸಿನೊಳಗಿನ ಭಯಗಳಿಂದಲೇ ಒಂದು ರೂಪ ಕಟ್ಟಿ ಅವನ ಮೇಲೆ ಬಿಡುವುದು. ಅವನೊಬ್ಬನಿಗೇ ಕಾಣುವ ಆ ರೂಪ ಹೊಡೆದರೆ ಭಯಕ್ಕೇ ಸಾವು. ಉಳಿಯುವ ದಾರಿ, ಮೂರು ಆರು ಮುಖದ ದಾಳ ಉರುಳಿಸಿ ಮೊತ್ತ ತನ್ನ ಬುದ್ಧಿಯ ಅಂಕಕ್ಕಿಂತ ಹೆಚ್ಚಾಗದಂತೆ ನೋಡಿಕೊಳ್ಳುವುದು. ಬುದ್ಧಿ ಹತ್ತಿದ್ದವನಿಗೆ ಸರಿಯಾಗಿ ಅರ್ಧಕ್ಕರ್ಧ.

ಸರಿ, ಮೇಜಿಗೆ ಮರಳೋಣ, ಟೀಚರ್ ಮನಸ್ಸು ಮಾಡಿದ್ದಾರೆ. ಉಣ್ಣೆಯನ್ನು ಓಗರ್ ಬೊಂಬೆಯ ತಲೆಯ ಮೇಲಿಟ್ಟರು. ‘ಹೆಜ್ಜೇನು’ ಎಂದರು. ‘ಇಡೀ ಗೂಡು. ಇವನು ದೊಣ್ಣೆ ಬೀಸಿದಾಗ ಚಾವಣಿಯ ಗೂಡಿಗೆ ತಾಗಿತು.’

ಇದು 2014ರ ಐದನೇ ಆವೃತ್ತಿಯ ಫ್ಯಾಂಟಾಸ್ಮಲ್ ಫೋರ್ಸ್. ಹಳೇ ಮಂತ್ರದ ಹೆಸರು ಉಳಿದಿದೆ, ಗುಣ ಬೇರೆ. ಇದು ಸುರಂಗದಲ್ಲಿ ಕಾಣುವುದಿಲ್ಲ, ಓಗರ್‌ನ ತಲೆಯೊಳಗೆ ಮಾತ್ರ ಗುಂಯ್ ಎನ್ನುತ್ತದೆ. ಅಲ್ಲಿ ಸದ್ದೂ ಇದೆ, ಚುಚ್ಚಿದ ಉರಿಯೂ ಇದೆ. ಅದಕ್ಕೇ ಇಲ್ಲಿ ಸೇವ್ ಇದೆ, ಬುದ್ಧಿಯ ಸೇವ್. ಮೇಜು ಮುಂದಕ್ಕೆ ಬಾಗಿತು. ದಡ್ಡ ರಾಕ್ಷಸ ಮೂರು ಕಳೆದು ಹದಿಮೂರು ಮುಟ್ಟಬೇಕು, ಅಂದರೆ 16 ಬೀಳಬೇಕು, ನೂರಕ್ಕೆ 25. ಡಿಎಂ ಈ ಸಲ ದಾಳವನ್ನು ಮರೆಯ ಹಿಂದೆ ಎಸೆಯಲಿಲ್ಲ, ಎಲ್ಲರ ಮುಂದೆ ಮರದ ತಟ್ಟೆಗೆ ಬಿಟ್ಟರು. ಉರುಳಿತು, ಉರುಳಿತು, ಹದಿನೈದು. ಒಂದೇ ಒಂದರಲ್ಲಿ ಹೋಯಿತು. ನರ್ಸಮ್ಮ ಮೇಜು ಗುದ್ದಿದ ರಭಸಕ್ಕೆ ಎರಡು ಗಾಬ್ಲಿನ್ ಬೊಂಬೆ ಅಡ್ಡಬಿದ್ದವು.

ಓಗರ್ ದೊಣ್ಣೆ ಎಸೆದು ತಲೆ ಮುಚ್ಚಿಕೊಂಡಿತು. ಪಕ್ಕದ ಗಾಬ್ಲಿನ್‌ಗಳಿಗೆ ಒಂದು ನೊಣವೂ ಕಾಣದು. ಯಜಮಾನ ಗಾಳಿಯನ್ನು ಬಡಿಯುತ್ತಾ ಕುಣಿಯುತ್ತಿದ್ದಾನೆ. ಸರದಿಗೊಮ್ಮೆ ಒಂದು ಆರುಮುಖದ ದಾಳದಷ್ಟು ನೋವು, ಈಗ ಮೂರು. ಓಗರ್‌ಗೆ ಇರುವ ಜೀವ 59. ಈ ಮೂರು ಏನೂ ಅಲ್ಲ. ಲಾಭ ಇರುವುದು ಅದು ಕಳೆದುಕೊಳ್ಳುವ ಹೊತ್ತಿನಲ್ಲಿ. ಬಡಗಿಗೆ ಸಂದೇಹ: ಅಷ್ಟು ಬಡಿದರೂ ಒಂದು ಜೇನೂ ಸತ್ತು ಬೀಳದಿದ್ದರೆ ಅದಕ್ಕೆ ಅನುಮಾನ ಬಾರದೇ? ಡಿಎಂ ತಲೆಯಾಡಿಸಿದರು. ಈ ಮಂತ್ರದ ಸೊಗಸೇ ಅಲ್ಲಿ. ಸಿಕ್ಕಿಬಿದ್ದವನು ಎಲ್ಲಕ್ಕೂ ತಾನೇ ಕಾರಣ ಹುಡುಕಿಕೊಳ್ಳುತ್ತಾನೆ. ಪುಸ್ತಕದ್ದೇ ಉದಾಹರಣೆಯಿದೆ: ಇಲ್ಲದ ಸೇತುವೆಯ ಮೇಲೆ ಕಾಲಿಟ್ಟು ಕೆಳಗೆ ಬಿದ್ದವನು, ಬದುಕಿ ಎದ್ದರೆ, ಸೇತುವೆ ಇರಲಿಲ್ಲ ಎಂದುಕೊಳ್ಳುವುದಿಲ್ಲ, ಯಾರೋ ತಳ್ಳಿದರು, ಕಾಲು ಜಾರಿತು, ಗಾಳಿ ಜೋರಾಗಿ ಬೀಸಿತು ಎನ್ನುತ್ತಾನೆ. ಸೇತುವೆ ಅಲ್ಲೇ ಇದೆ, ಅವನಿಗೆ ಕಾಣುತ್ತಿದೆ. ನಿಯಮದ ಪುಸ್ತಕವೊಂದರಲ್ಲಿ ಮನುಷ್ಯಸ್ವಭಾವದ ಬಗ್ಗೆ ಇಷ್ಟು ಚೊಕ್ಕದಾಗಿ ಬರೆದದ್ದನ್ನು ನಾನು ನಿರೀಕ್ಷಿಸಿರಲಿಲ್ಲ.

ಇದಕ್ಕೂ ಬೆಲೆಯಿದೆ. ಒಂದೇ ಹೊತ್ತಿಗೆ ಎರಡು ಮಾಯೆಗಳ ಮೇಲೆ ಮನಸ್ಸು ನೆಡಲಾಗದು. ಜೇನು ಎದ್ದ ಕ್ಷಣ ಕಲ್ಲಿನ ಗೋಡೆ ಇಲ್ಲವಾಯಿತು, ಆರೂ ಗಾಬ್ಲಿನ್‌ಗಳಿಗೆ ಓಡುತ್ತಿರುವ ನಾಲ್ವರು ಕಂಡರು. ಒಂದು ಬಾಣ ಟೀಚರ ಮಾಯಗಾರ್ತಿಯ ಭುಜಕ್ಕೆ, ಐದು ಪೆಟ್ಟು. ಪೆಟ್ಟು ಬಿದ್ದರೆ ಮನಸ್ಸು ಕದಲದಿರಲು ಇನ್ನೊಂದು ಸೇವ್, ಈಗ ದೇಹದಾರ್ಢ್ಯದ್ದು. ಹತ್ತು, ಅಥವಾ ಬಿದ್ದ ಪೆಟ್ಟಿನ ಅರ್ಧ, ಯಾವುದು ಹೆಚ್ಚೋ ಅದನ್ನು ಮುಟ್ಟಬೇಕು. ಟೀಚರ್ ಕಣ್ಣುಮುಚ್ಚಿ ಉರುಳಿಸಿದರು, ಹನ್ನೆರಡು. ಜೇನು ಹಾರಾಡುತ್ತಲೇ ಇದೆ. ಬಡಗಿ ಗಾಯಕ್ಕೆ ದೇವರ ಹೆಸರು ಹೇಳಿದರು, ಓಟ ಮುಂದುವರಿಯಿತು.

ಓಡುತ್ತಿರುವಾಗಲೇ ಮಾತು ಹಳೇ ಕಾಲಕ್ಕೆ ಹೊರಳಿತು. ಆಗೆಲ್ಲ ಕಣ್ಕಟ್ಟಿನಿಂದ ಪಾರಾಗಲು ನಂಬುವುದಿಲ್ಲ ಎಂದು ಬಾಯಿಬಿಟ್ಟು ಹೇಳಬೇಕಿತ್ತು, ಹೇಳಿದವರಿಗೆ ಸೇವ್. ಇದರಿಂದ ಒಂದು ಚಾಳಿ ಹುಟ್ಟಿತು. ಬಾಗಿಲು ಕಂಡರೂ ನಂಬುವುದಿಲ್ಲ, ರಾಜ ಬಂದರೂ ನಂಬುವುದಿಲ್ಲ, ನಿಜವಾದ ಡ್ರ್ಯಾಗನ್ ಬಾಯಿ ತೆರೆದು ನಿಂತರೂ ನಂಬುವುದಿಲ್ಲ. 2000ದ ಮೂರನೇ ಆವೃತ್ತಿ ಐದು ಕಂಬಸಾಲುಗಳನ್ನು ಕಿತ್ತು ಮೂರು ಮಾಡಿತು: ದೇಹದ ತಾಳಿಕೆ, ಚುರುಕು, ಮನೋಬಲ. ಕಣ್ಕಟ್ಟು ಮನೋಬಲದ ಪಾಲಿಗೆ ಬಂತು, ಸುಮ್ಮನೆ ಕಂಡರೆ ಸಾಲದು, ಗಮನವಿಟ್ಟು ಪರಿಶೀಲಿಸಿದರೆ ಇಲ್ಲವೇ ಮುಟ್ಟಿದರೆ ಮಾತ್ರ ಸೇವ್ ಎಂದಾಯಿತು. ಒಬ್ಬ ಕಂಡುಹಿಡಿದು ಉಳಿದವರಿಗೆ ಕೂಗಿ ಹೇಳಿದರೆ ಅವರಿಗೂ ಒಂದು ಸೇವ್, ಅದಕ್ಕೆ ನಾಲ್ಕು ಅಂಕ ಕೊಸರು. ಹೇಳಿಸಿಕೊಂಡ ಮೇಲೂ ಕಣ್ಣು ಮೋಸಹೋಗಬಹುದು ಎಂಬ ತಿಳಿವಳಿಕೆ ಆ ಕೊಸರಿನಲ್ಲಿದೆ. 2014ರಲ್ಲಿ ಮೂರು ಆರಾದವು, ಇಂಥ ನೋಟದ ಮಾಯೆಗಳಿಗೆ ಸೇವ್ ಹೋಗಿ ಸರದಿ ತೆತ್ತು ಪರೀಕ್ಷಿಸುವ ಕ್ರಮ ಬಂತು. ನನ್ನ ಕೇಳಿದರೆ ಇದೇ ನ್ಯಾಯ. ಅನುಮಾನ ಪುಕ್ಕಟೆಯಾಗಿರಬಾರದು.

ಸುರಂಗ ಎಡಕ್ಕೆ ತಿರುಗಿತು. ಡಿಎಂ ಅದೇ ಸಮದನಿಯಲ್ಲಿ, ಮುಂದೆ ನೆಲ ಹತ್ತಡಿ ಅಗಲಕ್ಕೆ ಬಾಯಿಬಿಟ್ಟಿದೆ, ತಳ ಕಾಣುವುದಿಲ್ಲ, ಕೆಳಗಿನಿಂದ ತಣ್ಣನೆ ಗಾಳಿ ಬರುತ್ತಿದೆ ಎಂದರು. ಕಾಲೇಜು ಹುಡುಗ ಟೋಪಿ ಹಿಂದಕ್ಕೆ ತಳ್ಳಿ ನಕ್ಕ. ಅಂಚಿನ ಕಲ್ಲಿನ ಮೇಲೆ ಕೆತ್ತಿದ ಮಂತ್ರದ ಗುರುತನ್ನು ಅವನು ಈ ಮೊದಲೇ ಒಂದು ಬಾಗಿಲಲ್ಲಿ ಕಂಡಿದ್ದ, ಆ ಬಾಗಿಲು ಸುಳ್ಳಾಗಿತ್ತು. ಇದೂ ಕಣ್ಕಟ್ಟೇ, ಓಡಿ ದಾಟಿಬಿಡೋಣ ಎಂದ. ನಾಣ್ಯ ಎಸೆದು ನೋಡು ಎಂದು ನರ್ಸಮ್ಮ ಹೇಳುವಷ್ಟರಲ್ಲಿ ಬೊಂಬೆಯನ್ನು ಮುಂದಿನ ಚೌಕಕ್ಕೆ ಸರಿಸಿಯಾಗಿತ್ತು.

ನಿಮಗೆ ಈಗ ನೆನಪಾದದ್ದೇ ನನಗೂ ಆಯಿತು. ಮಯನ ಸಭೆಯಲ್ಲಿ ನೀರನ್ನು ನೆಲವೆಂದು ನಡೆದು ತೊಯ್ದ ದುರ್ಯೋಧನ. ನೆಲವನ್ನು ನೀರೆಂದು ತಿಳಿದು ಪಂಚೆ ಎತ್ತಿದ್ದು, ತೆರೆದ ಬಾಗಿಲೆಂದು ಸ್ಫಟಿಕದ ಗೋಡೆಗೆ ಹಣೆ ಚಚ್ಚಿಕೊಂಡದ್ದು, ಎಲ್ಲವೂ ಒಂದೇ ಮನೆಯಲ್ಲಿ. ನಂಬಿಯೂ ಕೆಟ್ಟ, ನಂಬದೆಯೂ ಕೆಟ್ಟ. ಅಲ್ಲಿ ನಕ್ಕ ನಗೆಗೆ ಕುರುಕ್ಷೇತ್ರವಾಯಿತು. ಇಲ್ಲಿ ಹುಡುಗ ಚುರುಕಿನ ಸೇವ್ ಉರುಳಿಸಬೇಕು. ಕಳ್ಳನಾದ್ದರಿಂದ ಐದು ಕೂಡುತ್ತದೆ. ನಾಲ್ಕು ಬಿತ್ತು, ಒಂಬತ್ತಾಯಿತು, ಸಾಲಲಿಲ್ಲ. ಹೊಂಡ ಇಪ್ಪತ್ತಡಿ, ಹತ್ತಡಿಗೊಂದು ದಾಳದ ಪೆಟ್ಟು. ಮೂರು ಮತ್ತು ಐದು, ಎಂಟು ಹೋಯಿತು. ಅವನಿಗಿಂತ ಜೋರಾಗಿ ನಕ್ಕವರು ಟೀಚರ್.

ನಗು ಇಳಿದ ಮೇಲೆ ಹುಡುಗ ಕೇಳಿದ ಪ್ರಶ್ನೆ ಮಾತ್ರ ಸಣ್ಣದಲ್ಲ. ಕಾಲಿಡುವ ಮುಂಚೆ ನನ್ನಿಂದ ಯಾಕೆ ದಾಳ ಉರುಳಿಸಲಿಲ್ಲ? ಡಿಎಂ ತಮ್ಮ ಮರೆಯನ್ನು ಒಂದು ಕ್ಷಣ ಓರೆ ಮಾಡಿ ನಮ್ಮ ಕಡೆಗೆ ತೋರಿಸಿದರು. ಒಳಗೆ ಒಂದು ಗೆರೆಹಾಳೆಯ ಪುಸ್ತಕ, ಅದರ ತುಂಬ ಪೆನ್ಸಿಲ್ಲಿನ ಅಂಕಿಗಳು, ಒಂದರಿಂದ ಇಪ್ಪತ್ತರೊಳಗಿನವು. ಮನೆಯಲ್ಲೇ ಕೂತು ಮುಂಚಿತವಾಗಿ ಉರುಳಿಸಿ ಬರೆದಿಟ್ಟದ್ದು. ಬೆಂಕಿ ಬಂತು, ಸೇವ್ ಮಾಡು ಎನ್ನಬಹುದು. ಇದು ಸುಳ್ಳು ಗೋಡೆ, ಸೇವ್ ಮಾಡು ಎನ್ನಲಾಗದು. ದಾಳ ಕೇಳಿದ ಕೂಡಲೇ ಏನೋ ಇದೆ ಅಂತ ಆಡುವವರಿಗೆ ತಿಳಿದುಬಿಡುತ್ತದೆ, ದಾಳ ಸೋತರೂ ಆಮೇಲೆ ಅವರು ಗೋಡೆಯ ಹತ್ತಿರ ಸುಳಿಯುವುದಿಲ್ಲ. ಅದಕ್ಕೇ ಪಟ್ಟಿಯಿಂದ ಒಂದು ಅಂಕಿ ಹೊಡೆದು ಹಾಕಿ, ಗೆದ್ದರೆ ಗೋಡೆ ಅಲುಗಾಡಿದಂತಿದೆ ಎನ್ನುವುದು, ಸೋತರೆ ಗೋಡೆ ಎಂದಷ್ಟೇ ಹೇಳಿ ಮುಂದೆ ಹೋಗುವುದು. ನಿಜದ ಗೋಡೆಯನ್ನು ಹೇಳುವಾಗಲೂ ಆಗೊಮ್ಮೆ ಈಗೊಮ್ಮೆ ಒಂದು ಅಂಕಿ ಸುಮ್ಮನೆ ಹೊಡೆಯುತ್ತಾರಂತೆ, ಪೆನ್ಸಿಲ್ ಸದ್ದು ಕೇಳಿಸಲಿ ಎಂದು. ಆ ಸಮದನಿ ಏಕೆಂದು ನನಗೆ ಈಗ ತಿಳಿಯಿತು. ಈ ಮೇಜಿನ ಮೇಲೆ ಬಂಡೆಯೂ ಮಾತು, ಬಂಡೆಯ ನೋಟವೂ ಮಾತು. ಹೇಳುವವನ ದನಿ ಒಂದೆಳೆ ಹೆಚ್ಚುಕಡಿಮೆಯಾದರೆ ಆಟ ಮುಗಿಯಿತು.

ಬಡಗಿ ಹಗ್ಗ ಬಿಚ್ಚುತ್ತಿದ್ದಾರೆ. ಹಿಂದೆ ಓಗರ್‌ನ ಕೂಗು ನಿಂತಿದೆ, ಜೇನಿಗೆ ಕೊಟ್ಟ ಒಂದು ನಿಮಿಷ ಮುಗಿದಿರಬೇಕು. ಡಿಎಂ ಕನ್ನಡಕ ಸರಿಮಾಡಿಕೊಂಡು, ಹೊಂಡದ ಗೋಡೆಗೆ ಒಂದು ಕಬ್ಬಿಣದ ಏಣಿ ಜಡಿದಿದೆ, ತುಕ್ಕು ಹಿಡಿದಿದ್ದರೂ ಗಟ್ಟಿಯಾಗಿ ಕಾಣುತ್ತಿದೆ ಎಂದರು. ಪೆನ್ಸಿಲ್ ಪುಸ್ತಕದ ಮೇಲೆ ಸರ್ ಎಂದಿತು. ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಏಣಿ ಇದೆ ಎನ್ನುವವರು ಇಬ್ಬರು, ಇಲ್ಲ ಎನ್ನುವವರು ನರ್ಸಮ್ಮ, ಹುಡುಗ ಈ ಸಲ ಯಾವ ಮಾತನ್ನೂ ಆಡಲೊಲ್ಲ. ತಾಮ್ರದ ನಾಣ್ಯ ಎಸೆದು ನೋಡಬೇಕೆ, ಒಂದು ಸರದಿ ಕೊಟ್ಟು ಪರೀಕ್ಷಿಸಬೇಕೆ, ಗಾಬ್ಲಿನ್‌ಗಳು ಎಷ್ಟು ದೂರ ಎಂದು ಚರ್ಚೆ ಕಾವೇರಿ ಪಿಜ್ಜಾದ ಕೊನೆಯ ತುಂಡು ಯಾರ ತಟ್ಟೆ ಸೇರಿತೆಂದು ಯಾರಿಗೂ ಗೊತ್ತಾಗಲಿಲ್ಲ.

‘ಆರು ಸೆಕೆಂಡಾಯಿತು’ ಎಂದರು ಡಿಎಂ. ‘ಏಣಿಗೆ ಮೊದಲು ಕೈ ಹಾಕುವವರು ಯಾರು?’